ಬುರುಡೆ ಮುಚ್ಚುವ ಮುನ್ನ ಕೇಳಬೇಕಾದ ಮಾತು

ಮಗಾ, ನೀನು ಫೋನಿನಲ್ಲಿ ಕೇಳಿದ್ದು ಹೂಂ ಅಥವಾ ಉಹೂಂ ಅಂದು ಮುಗಿಸುವ ವಿಷಯವಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. "ಆಪರೇಷನ್ ನಡೀತಿರುವಾಗಲೇ ಎಂಆರ್‌ಐ ತೆಗೆದು ಗಡ್ಡೆ ಇನ್ನೂ ಎಷ್ಟು ಉಳಿದಿದೆ ಅಂತ ನೋಡ್ತಾರಂತೆ. ಆ ಮಿಷನ್ನು ಒಂದು ದೊಡ್ಡ ಪ್ರೈವೇಟ್ ಆಸ್ಪತ್ರೇಲಿ ಇದೆಯಂತೆ. ಲೊಕ್ಕನಹಳ್ಳಿ ಕಡೆ ಹೊಲ ಮಾರಿಬಿಟ್ಟು ಅಪ್ಪನ್ನ ಅಲ್ಲಿಗೇ ಸೇರಿಸೋಣವಾ ಅತ್ತೆ?" ಇದಲ್ಲವೇ ನಿನ್ನ ಪ್ರಶ್ನೆ? ನಿಮ್ಮಪ್ಪ ನನ್ನ ಬೆನ್ನಿಗೆ ಹುಟ್ಟಿದವನು. ಅವನ ಜೀವಕ್ಕಿಂತ ಹೊಲ ನನಗೆ ದೊಡ್ಡದಲ್ಲ ಅಂತ ನಿನಗೆ ಗೊತ್ತು. ಆದರೂ ಹೇಳುತ್ತೇನೆ, ಹೊಲ ಮಾರಬೇಡ. ಆ ಮಿಷನ್ನು ಏನನ್ನು ತೋರಿಸುತ್ತದೆ, ಅದು ಇಲ್ಲದ ಕಡೆ ಡಾಕ್ಟರು ಏನು ಮಾಡುತ್ತಾರೆ ಅನ್ನುವುದನ್ನು ಮೊದಲು ತಿಳಿದುಕೋ. ಆಮೇಲೆ ಡಾಕ್ಟರ ಎದುರು ಕೂತು ಒಂದು ಪ್ರಶ್ನೆ ಕೇಳು: "ಸಾರ್, ಬುರುಡೆ ಮುಚ್ಚುವ ಮುನ್ನ ಗಡ್ಡೆ ಎಷ್ಟು ಉಳಿದಿದೆ ಅಂತ ನೀವು ಹೇಗೆ ನೋಡಿಕೊಳ್ತೀರಿ?"

ನಾನು ಡಾಕ್ಟರಲ್ಲ. ಬೆಂಗಳೂರಿನಲ್ಲಿ ಮಿದುಳಿನ ಆಪರೇಷನ್ ಥಿಯೇಟರಿನಲ್ಲಿ ಸ್ಟಾಫ್ ನರ್ಸ್ ಆಗಿ ಸರ್ವೀಸು ಮುಗಿಸಿದವಳು. ಶಸ್ತ್ರವೈದ್ಯರ ಕೈ ಎಲ್ಲಿ ಮುಂದುವರಿಯುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಪಕ್ಕದಲ್ಲೇ ನಿಂತು ನೋಡಿದವಳು. ಕೊಳ್ಳೇಗಾಲಕ್ಕೆ ವಾಪಸು ಬಂದ ಮೇಲೆ ಹನೂರು, ಯಳಂದೂರು, ರಾಮಾಪುರದ ಕಡೆಯಿಂದ ಸ್ಕ್ಯಾನ್ ಫಿಲಂ ಕವರು ಹಿಡಿದು ಬಾಗಿಲಿಗೆ ಬರುವವರಿದ್ದಾರೆ. ಅವರ ಮನೆ ಮಕ್ಕಳಿಗೂ ಆಗಲಿ ಅಂತ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ಗಡ್ಡೆ ಯಾಕೆ ಉಳಿಯುತ್ತದೆ ಅನ್ನುವುದರಿಂದ ಶುರು ಮಾಡೋಣ. ಹೊಟ್ಟೆಯಲ್ಲೋ ಎದೆಯಲ್ಲೋ ಗಡ್ಡೆಯಾದರೆ ಸುತ್ತಲಿನ ಒಳ್ಳೆಯ ಮಾಂಸವನ್ನೂ ಸ್ವಲ್ಪ ಸೇರಿಸಿ ಕತ್ತರಿಸಿಬಿಡುತ್ತಾರೆ. ಮಿದುಳಿನಲ್ಲಿ ಹಾಗೆ ಮಾಡಲಾಗದು. ಅಲ್ಲಿ ಪಕ್ಕದ ಒಂದು ಸೆಂಟಿಮೀಟರಿನಲ್ಲಿ ಮಾತಿರಬಹುದು, ಬಲಗೈ ಇರಬಹುದು. ಎಲ್ಲ ಗಡ್ಡೆಯೂ ಒಂದೇ ಥರದ್ದಲ್ಲ. ಮಿದುಳಿನ ಹೊದಿಕೆಯಿಂದ ಹುಟ್ಟುವ ಮೆನಿಂಜಿಯೋಮಾ ಸಾಮಾನ್ಯವಾಗಿ ಮಿದುಳನ್ನು ಪಕ್ಕಕ್ಕೆ ಒತ್ತಿಕೊಂಡು ಬೆಳೆಯುತ್ತದೆ. ಅದಕ್ಕೊಂದು ಅಂಚು ಇರುತ್ತದೆ, ಹೆಚ್ಚಿನ ಸಲ ಬಿಡಿಸಿ ತೆಗೆಯಬಹುದು. ನಿಮ್ಮಪ್ಪನ ರಿಪೋರ್ಟಿನಲ್ಲಿ ಅನುಮಾನಿಸಿರುವ ಗ್ಲಯೋಮಾ ಹಾಗಲ್ಲ. ರಾಗಿ ಹೊಲಕ್ಕೆ ಗರಿಕೆ ಇಳಿದ ಹಾಗೆ ಅದು. ಕಣ್ಣಿಗೆ ಕಂಡ ಗುಚ್ಛವನ್ನು ಕಿತ್ತರೂ ಬೇರು ಎಲ್ಲಿಯ ತನಕ ಹೋಗಿದೆಯೋ ಮೇಲಿಂದ ತಿಳಿಯುವುದಿಲ್ಲ.

ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಗಡ್ಡೆಯ ನಡುಭಾಗ ಬೇರೆಯೇ ಕಾಣುತ್ತದೆ, ಬೂದು ಬಣ್ಣ, ಕೆಲವು ಸಲ ಕೊಳೆತ ಹಾಗೆ ಹಳದಿ. ಆದರೆ ಅಂಚಿಗೆ ಬಂದಂತೆ ಗಡ್ಡೆ ಯಾವುದು, ಮಿದುಳು ಯಾವುದು ಅಂತ ಬಣ್ಣ ನೋಡಿ ಹೇಳಲಾಗದು. ಸಕ್ಷನ್ ಕೊಳವೆಗೆ ಮೆತ್ತಗೆ ಬರುತ್ತಿದೆಯೋ ಗಟ್ಟಿಯಾಗಿ ತಡೆಯುತ್ತಿದೆಯೋ ಅನ್ನುವ ಕೈಯ ಅಂದಾಜಿನ ಮೇಲೆ ಅನುಭವಸ್ಥರು ಮುಂದೆ ಹೋಗುತ್ತಾರೆ. ಆ ಅಂದಾಜು ಎಷ್ಟು ಸರಿ? 1994ರಲ್ಲಿ ಜರ್ಮನಿಯ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಗ್ಲಯೋಮಾ ಆಪರೇಷನ್ ಆದವರಿಗೆ ಕೆಲವೇ ದಿನಗಳೊಳಗೆ ಎಂಆರ್‌ಐ ತೆಗೆದು ನೋಡಿದಾಗ, ಶಸ್ತ್ರವೈದ್ಯರು ತಾವೇ ಅಂದಾಜು ಮಾಡಿದ್ದಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚು ಜನರಲ್ಲಿ ಗಡ್ಡೆ ಉಳಿದಿತ್ತು. ಕೈಚಳಕ ಇಲ್ಲದವರ ಕತೆಯಲ್ಲ ಇದು, ಒಳ್ಳೆಯ ಆಸ್ಪತ್ರೆಯ ಒಳ್ಳೆಯ ಶಸ್ತ್ರವೈದ್ಯರದ್ದೇ.

ಹಾಗಾದರೆ ಆಪರೇಷನ್‌ಗೆ ಮುಂಚೆ ತೆಗೆದ ಎಂಆರ್‌ಐ ಏನಾಯಿತು ಅಂತ ಕೇಳುತ್ತೀಯ. ಅದನ್ನು ಕಂಪ್ಯೂಟರಿಗೆ ತುಂಬಿ, ಡಾಕ್ಟರು ಕೈಯಲ್ಲಿ ಹಿಡಿದ ಕಡ್ಡಿಯ ತುದಿ ಮಿದುಳಿನ ಯಾವ ಜಾಗದಲ್ಲಿದೆ ಅಂತ ಪರದೆಯ ಮೇಲೆ ತೋರಿಸುವ ವ್ಯವಸ್ಥೆ ಇದೆ. ನ್ಯಾವಿಗೇಷನ್ ಅನ್ನುತ್ತಾರೆ. ಈಗ ದೊಡ್ಡ ಆಸ್ಪತ್ರೆಗಳಲ್ಲಿ ಸಾಮಾನ್ಯ. ಬುರುಡೆಯನ್ನು ಎಲ್ಲಿ ತೆರೆಯಬೇಕು, ಗಡ್ಡೆಗೆ ಯಾವ ದಾರಿಯಲ್ಲಿ ಹೋಗಬೇಕು ಅನ್ನುವುದಕ್ಕೆ ಅದು ಬಹಳ ಉಪಯೋಗ. ತೊಡಕು ಆಮೇಲೆ ಬರುತ್ತದೆ. ಬುರುಡೆ ತೆರೆದು ಹೊದಿಕೆ ಸೀಳಿದ ಕೂಡಲೇ ಮಿದುಳಿನ ಸುತ್ತಲಿನ ನೀರು ಇಳಿಯುತ್ತದೆ. ಗಡ್ಡೆಯನ್ನು ತೆಗೆಯುತ್ತ ಹೋದಂತೆ ಒಳಗೆ ಜಾಗ ಖಾಲಿಯಾಗಿ ಮಿದುಳು ಕುಸಿಯುತ್ತದೆ, ಒಂದು ಸೆಂಟಿಮೀಟರಿಗಿಂತ ಹೆಚ್ಚೂ ಜರುಗಬಹುದು. ಪರದೆಯ ಮೇಲಿನ ಚಿತ್ರ ಮಾತ್ರ ಹಿಂದಿನ ದಿನದ್ದೇ. ಗಡ್ಡೆ ಎಷ್ಟು ಉಳಿದಿದೆ ಅಂತ ತಿಳಿಯಬೇಕಾದ ಕೊನೆಯ ಗಳಿಗೆಯಲ್ಲೇ ಆ ಚಿತ್ರ ಸುಳ್ಳಾಗುತ್ತದೆ. ಅದಕ್ಕೇ ಆಪರೇಷನ್ ನಡುವೆ ಹೊಸ ಚಿತ್ರ ಬೇಕು ಅನ್ನುವ ಯೋಚನೆ ಹುಟ್ಟಿದ್ದು.

ಇದೆಲ್ಲ ಎಷ್ಟು ಬೇಗ ಬದಲಾಯಿತು ನೋಡು. ನಮ್ಮ ದೇಶದಲ್ಲಿ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ಡಾ. ಜೇಕಬ್ ಚಾಂಡಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಶುರು ಮಾಡಿದ್ದು 1949ರಲ್ಲಿ. ಆಗ ನಮ್ಮ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ವೆಲ್ಲೂರಿನಂತೆ ನಾವೂ ಮದ್ರಾಸು ಪ್ರಾಂತ್ಯದವರೇ. 1956ರ ನವೆಂಬರಿನಲ್ಲಷ್ಟೇ ಮೈಸೂರು ರಾಜ್ಯಕ್ಕೆ ಬಂದೆವು. ಆ ಕಾಲದಲ್ಲಿ ಗಡ್ಡೆ ಎಲ್ಲಿದೆ ಅಂತ ತಿಳಿಯಲು ಮಿದುಳಿನ ಒಳಗಿನ ಕುಹರಗಳಿಗೆ ಗಾಳಿ ತುಂಬಿ ಎಕ್ಸ್‌ರೇ ತೆಗೆಯುತ್ತಿದ್ದರು. ಎಷ್ಟು ಉಳಿದಿದೆ ಅನ್ನುವುದು ದೇವರಿಗೇ ಗೊತ್ತು ಅನ್ನುವ ಕಾಲ ಅದು.

ಥಿಯೇಟರಿನೊಳಗೇ ಎಂಆರ್‌ಐ ಇಟ್ಟುಕೊಳ್ಳುವ ಕೆಲಸ ಮೊದಲಾಗಿದ್ದು ಅಮೆರಿಕದ ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ, 1990ರ ದಶಕದ ನಡುವಿನಲ್ಲಿ. ಎರಡು ದೊಡ್ಡ ಆಯಸ್ಕಾಂತದ ಬಳೆಗಳ ನಡುವಿನ ಸಂದಿಯಲ್ಲಿ ನಿಂತು ಡಾಕ್ಟರು ಆಪರೇಷನ್ ಮಾಡುತ್ತಿದ್ದರು. ಆಮೇಲೆ ಕೆನಡಾದ ಕ್ಯಾಲ್ಗರಿಯಲ್ಲಿ ಚಾವಣಿಯ ಹಳಿಯ ಮೇಲೆ ಆಯಸ್ಕಾಂತವೇ ರೋಗಿಯ ಬಳಿಗೆ ಸರಿದು ಬರುವಂತೆ ಮಾಡಿದರು. ಇನ್ನು ಕೆಲವೆಡೆ ಪಕ್ಕದ ಕೋಣೆಯಲ್ಲಿ ಎಂಆರ್‌ಐ ಇರುತ್ತದೆ, ಮಂಪರಿನಲ್ಲಿರುವ ರೋಗಿಯನ್ನು ಟೇಬಲ್ ಸಮೇತ ಅಲ್ಲಿಗೆ ತಳ್ಳುತ್ತಾರೆ. ನಮ್ಮ ದೇಶದಲ್ಲೂ ಬೆರಳೆಣಿಕೆಯ ಆಸ್ಪತ್ರೆಗಳಲ್ಲಿ ಇದು ಬಂದಿದೆ.

ಇದರ ಕೆಲಸದ ರೀತಿಯನ್ನು ನರ್ಸಿನ ಕಣ್ಣಿನಿಂದ ನೋಡಿದರೆ ಯಾಕೆ ಇಷ್ಟು ದುಬಾರಿ ಅಂತ ಅರ್ಥವಾಗುತ್ತದೆ. ಆಯಸ್ಕಾಂತದ ಸೆಳೆತ ಎಲ್ಲಿಂದ ಶುರುವಾಗುತ್ತದೆ ಅಂತ ನೆಲದ ಮೇಲೇ ಗೆರೆ ಎಳೆದಿರುತ್ತಾರೆ. ಆ ಗೆರೆಯೊಳಗೆ ಕಬ್ಬಿಣದ ಒಂದು ಸೂಜಿಯೂ ಹೋಗುವಂತಿಲ್ಲ, ಹೋದರೆ ಬಾಣದ ವೇಗದಲ್ಲಿ ಹಾರುತ್ತದೆ. ತಲೆ ಹಿಡಿದಿಡುವ ಕ್ಲ್ಯಾಂಪು, ಮಂಪರಿನ ಮಿಷನ್ನು, ಮಾನಿಟರು ಎಲ್ಲವೂ ಎಂಆರ್‌ಐಗೆ ಒಗ್ಗುವಂಥವೇ ಆಗಬೇಕು. ಸ್ಕ್ಯಾನಿಗೆ ಮುಂಚೆ ಬ್ಲೇಡು, ಸೂಜಿ, ಕ್ಲಿಪ್ಪು, ಮಿದುಳಿನ ಮೇಲಿಡುವ ದಾರ ಕಟ್ಟಿದ ಪುಟ್ಟ ಹತ್ತಿಯ ಪ್ಯಾಟಿಗಳು, ಎಲ್ಲವನ್ನೂ ಇಬ್ಬರು ಸೇರಿ ಬಾಯಿ ಬಿಟ್ಟು ಎಣಿಸಬೇಕು. ಲೆಕ್ಕ ಸೇರದಿದ್ದರೆ ಸ್ಕ್ಯಾನಿಲ್ಲ. ಗಾಯವನ್ನು ತಾತ್ಕಾಲಿಕವಾಗಿ ಮುಚ್ಚಿ, ಹೊಸ ಸ್ಟೆರೈಲ್ ಬಟ್ಟೆ ಹೊದಿಸಿ, ಸ್ಕ್ಯಾನ್ ತೆಗೆದು, ಮತ್ತೆ ತೆರೆದು ಮುಂದುವರಿಯುವಷ್ಟರಲ್ಲಿ ಒಂದು ಗಂಟೆಯೋ ಇನ್ನೂ ಹೆಚ್ಚೋ ಆಗುತ್ತದೆ. ಅಷ್ಟು ಹೊತ್ತೂ ರೋಗಿ ಮಂಪರಿನಲ್ಲೇ ಇರಬೇಕು.

ಇಷ್ಟೆಲ್ಲ ಮಾಡಿದ್ದಕ್ಕೆ ಫಲ ಉಂಟೇ? ಉಂಟು. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಆಪರೇಷನ್ ನಡುವೆ ಎಂಆರ್‌ಐ ತೆಗೆದ 24 ಜನರಲ್ಲಿ 23 ಮಂದಿಗೆ ಚಿತ್ರದಲ್ಲಿ ಕಾಣುವ ಗಡ್ಡೆಯೆಲ್ಲ ಹೋಗಿತ್ತು. ತೆಗೆಯದ 25 ಜನರಲ್ಲಿ 17 ಮಂದಿಗೆ ಮಾತ್ರ. ಗಮನಿಸು, ಎಂಆರ್‌ಐ ಇಲ್ಲದೆಯೂ ಮೂವರಲ್ಲಿ ಇಬ್ಬರಿಗೆ ಕಾಣುವಷ್ಟೂ ಗಡ್ಡೆ ತೆಗೆಯಲಾಯಿತು. ಇನ್ನೊಂದು ಮಾತು: ಗಡ್ಡೆ ಮತ್ತೆ ಬೆಳೆಯುವುದು ಎಷ್ಟು ತಡವಾಯಿತು ಅನ್ನುವ ಲೆಕ್ಕದಲ್ಲಿ ಎರಡು ಗುಂಪಿನ ನಡುವಿನ ಅಂತರ ಖಚಿತವಾಗಿ ಸಾಬೀತಾಗುವಷ್ಟು ಇರಲಿಲ್ಲ. ಯಾರಾದರೂ "ಆ ಮಿಷನ್ ಇದ್ದರೆ ಉಳೀತಾರೆ, ಇಲ್ಲದಿದ್ದರೆ ಇಲ್ಲ" ಅಂದರೆ ಅವರ ಮಾತು ನಂಬಬೇಡ.

ಉಳಿದ ಗಡ್ಡೆಯನ್ನು ಕಾಣುವ ದಾರಿ ಎಂಆರ್‌ಐ ಒಂದೇ ಅಲ್ಲ ಮಗಾ. ಇದನ್ನು ನಿನಗೆ ಯಾರೂ ಹೇಳಿಲ್ಲ ಅನ್ನಿಸುತ್ತದೆ. ಒಂದು ಔಷಧಿ ಇದೆ, 5-ಎಎಲ್‌ಎ ಅಂತ. ಪುಡಿಯನ್ನು ನೀರಿನಲ್ಲಿ ಕಲಸಿ ಮಂಪರು ಕೊಡುವ ಸುಮಾರು ಮೂರು ಗಂಟೆ ಮುಂಚೆ ಕುಡಿಸುತ್ತಾರೆ, ದೇಹದ ತೂಕದ ಒಂದು ಕಿಲೋಗೆ 20 ಮಿಲಿಗ್ರಾಂ ಲೆಕ್ಕ. ಜೋರಾಗಿ ಬೆಳೆಯುವ ಗ್ಲಯೋಮಾದ ಜೀವಕೋಶಗಳು ಅದನ್ನು ಹೊಳೆಯುವ ಒಂದು ವಸ್ತುವಾಗಿ ಮಾರ್ಪಡಿಸಿ ತಮ್ಮಲ್ಲೇ ಇಟ್ಟುಕೊಳ್ಳುತ್ತವೆ. ಥಿಯೇಟರಿನ ದೀಪ ಆರಿಸಿ ಮೈಕ್ರೋಸ್ಕೋಪಿನ ನೀಲಿ ಬೆಳಕು ಹಾಕಿದರೆ ಒಳ್ಳೆಯ ಮಿದುಳು ನೀಲಿಯಾಗಿಯೇ ಉಳಿಯುತ್ತದೆ, ಗಡ್ಡೆ ಮಾತ್ರ ಕೆಂಪಗೆ, ಅಂಚಿನಲ್ಲಿ ತೆಳು ಗುಲಾಬಿಯಾಗಿ ಹೊಳೆಯುತ್ತದೆ. ಬಿಳಿ ಬೆಳಕಿನಲ್ಲಿ "ಇಲ್ಲಿಗೆ ಮುಗೀತು" ಅಂದುಕೊಂಡ ಕುಳಿಯ ಗೋಡೆಯಲ್ಲಿ ನೀಲಿ ಬೆಳಕು ಹಾಕಿದಾಗ ಗುಲಾಬಿ ಪಟ್ಟೆ ಕಾಣಿಸಿಕೊಂಡರೆ ಥಿಯೇಟರಿನಲ್ಲಿ ಯಾರೂ ಮಾತಾಡುವುದಿಲ್ಲ; ಡಾಕ್ಟರ ಕೈ ಮತ್ತೆ ಸಕ್ಷನ್ನಿನ ಕಡೆಗೆ ಹೋಗುತ್ತದೆ. 2006ರಲ್ಲಿ ಜರ್ಮನಿಯ ಡಾ. ವಾಲ್ಟರ್ ಸ್ಟುಮ್ಮರ್ ತಂಡ 322 ರೋಗಿಗಳ ಅಧ್ಯಯನ ಪ್ರಕಟಿಸಿತು. ಈ ಹೊಳಪಿನ ನೆರವಿನಿಂದ ಶೇ 65ರಷ್ಟು ಜನರಿಗೆ ಚಿತ್ರದಲ್ಲಿ ಕಾಣುವ ಗಡ್ಡೆ ಪೂರ್ತಿ ಹೋಯಿತು, ಅದಿಲ್ಲದೆ ಶೇ 36 ಜನರಿಗೆ. ಆರು ತಿಂಗಳವರೆಗೆ ಗಡ್ಡೆ ಮತ್ತೆ ಬೆಳೆಯದೆ ಇದ್ದವರು ಹೊಳಪು ಬಳಸಿದ ಗುಂಪಿನಲ್ಲಿ ಶೇ 41, ಬಳಸದ ಗುಂಪಿನಲ್ಲಿ ಶೇ 21. ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿದ್ದು 2017ರಲ್ಲಿ.

ಇದಕ್ಕೂ ಮಿತಿ ಇದೆ. ಬೆಳಕು ಬಿದ್ದ ಕಡೆ ಮಾತ್ರ ಹೊಳಪು, ಮಿದುಳಿನ ಮಡಿಕೆಯ ಹಿಂದೆಯೋ ರಕ್ತದ ಕೆಳಗೋ ಇದ್ದದ್ದು ಕಾಣದು. ನಿಧಾನವಾಗಿ ಬೆಳೆಯುವ ಗಡ್ಡೆಗಳು ಬಹಳ ಸಲ ಹೊಳೆಯುವುದೇ ಇಲ್ಲ. ಔಷಧಿಯ ಬೆಲೆಯೂ ಹೆಚ್ಚು. ನಿಮ್ಮಪ್ಪನಿಗೆ ಇದನ್ನು ಕೊಟ್ಟರೆ ಒಂದು ದಿನವಿಡೀ ಜೋರು ಬೆಳಕು ಮೈಮೇಲೆ ಬೀಳಬಾರದು, ಚರ್ಮ ಸುಟ್ಟಂತಾಗುತ್ತದೆ. ಐಸಿಯುಗೆ ನೋಡಲು ಬಂದ ನೆಂಟರು ಪರದೆ ಸರಿಸುವುದು, ಫ್ಲಾಶ್ ಹಾಕಿ ಫೋಟೋ ಹೊಡೆಯುವುದು ಬೇಡ ಅಂತ ನೀನೇ ನಿಂತು ನೋಡಿಕೋ. ಕಣ್ಣಿನ ಪರೀಕ್ಷೆಯಲ್ಲಿ ಬಳಸುವ ಫ್ಲೋರೆಸಿನ್ ಅನ್ನುವ ಹಳದಿ ಬಣ್ಣವನ್ನೂ ನರಕ್ಕೆ ಕೊಟ್ಟು ನೋಡುತ್ತಾರೆ. ಅದು ಬಹಳ ಅಗ್ಗ, ನಮ್ಮ ದೇಶದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ.

ನನಗೆ ಅತಿ ಹೆಚ್ಚು ನಂಬಿಕೆ ಬಂದಿರುವುದು ಅಲ್ಟ್ರಾಸೌಂಡಿನ ಮೇಲೆ. ಹೌದು, ಬಸುರಿಯರಿಗೆ ಮಾಡುವ ಅದೇ ಅಲ್ಟ್ರಾಸೌಂಡು. ಬುರುಡೆಯ ಮೂಳೆ ದಾಟಿ ಅದು ಸರಿಯಾಗಿ ನೋಡಲಾರದು, ಆದರೆ ಮೂಳೆ ತೆಗೆದ ಮೇಲೆ ದಾರಿ ಸಲೀಸು. ಹೆಬ್ಬೆರಳಿನ ಗಾತ್ರದ ಪ್ರೋಬನ್ನು ಸ್ಟೆರೈಲ್ ಚೀಲಕ್ಕೆ ಇಳಿಸಿ, ಒಳಗೆ ಜೆಲ್ಲಿ ಹಾಕಿ, ಗಾಳಿಗುಳ್ಳೆ ಉಳಿಯದಂತೆ ಬೆರಳಿನಲ್ಲಿ ನೀವಿ ಬಿಗಿಯಾಗಿ ಕಟ್ಟುವುದು ನರ್ಸಿನ ಕೆಲಸ. ಗಡ್ಡೆ ತೆಗೆದ ಕುಳಿಗೆ ಬೆಚ್ಚಗಿನ ಸಲೈನ್ ನಿಧಾನವಾಗಿ ತುಂಬಬೇಕು. ಅವಸರದಲ್ಲಿ ಸುರಿದರೆ ಗುಳ್ಳೆ ಎದ್ದು ಚಿತ್ರವೆಲ್ಲ ಕೆಡುತ್ತದೆ. ಪ್ರೋಬನ್ನು ನೀರಿನ ಮೇಲೆ ಹಗುರಾಗಿ ತಾಗಿಸಿದರೆ ಪರದೆಯ ಮೇಲೆ ಕುಳಿ ಕಪ್ಪಗೆ, ಉಳಿದ ಗಡ್ಡೆ ಬೆಳ್ಳಗೆ ಕಾಣುತ್ತದೆ. ಐದು ನಿಮಿಷದ ಕೆಲಸ, ಎಷ್ಟು ಸಲ ಬೇಕಾದರೂ ನೋಡಬಹುದು, ರೋಗಿಯನ್ನು ಅಲುಗಿಸಬೇಕಾಗಿಲ್ಲ. ಹೆಪ್ಪುಗಟ್ಟಿದ ರಕ್ತವೂ, ರಕ್ತ ನಿಲ್ಲಿಸಲು ಇಟ್ಟ ಬಟ್ಟೆಯೂ ಬೆಳ್ಳಗೇ ಕಾಣುತ್ತವೆ. ಅದನ್ನು ಬೇರ್ಪಡಿಸಿ ಓದುವುದಕ್ಕೆ ಪಳಗಿದ ಕಣ್ಣು ಬೇಕು. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು ಈ ಅಲ್ಟ್ರಾಸೌಂಡನ್ನು ನ್ಯಾವಿಗೇಷನ್ ಜೊತೆ ಜೋಡಿಸಿ, ಮೂರು ಆಯಾಮದ ಚಿತ್ರ ಪಡೆದು ಮಾಡಿದ ಆಪರೇಷನ್‌ಗಳ ಬಗ್ಗೆ ವರ್ಷಗಳಿಂದ ಬರೆಯುತ್ತ ಬಂದಿದ್ದಾರೆ. ಕೋಟಿಗಟ್ಟಲೆಯ ಆಯಸ್ಕಾಂತ ಇಟ್ಟುಕೊಳ್ಳಲಾಗದ ದೇಶಕ್ಕೆ ಇದೇ ಸರಿಯಾದ ದಾರಿ ಅನ್ನುವುದು ನನ್ನ ಅಭಿಪ್ರಾಯ.

ಅದಕ್ಕೇ ನಿನ್ನ ಪ್ರಶ್ನೆ "ಎಂಆರ್‌ಐ ಇದೆಯಾ" ಅಂತ ಆಗಬಾರದು. "ಹೇಗೆ ನೋಡಿಕೊಳ್ತೀರಿ" ಅಂತ ಕೇಳು. ಅಲ್ಟ್ರಾಸೌಂಡಿನಲ್ಲೋ, ಬಣ್ಣದಲ್ಲೋ, ಅಂಚಿನ ಚೂರುಗಳನ್ನು ಅಲ್ಲೇ ಲ್ಯಾಬಿಗೆ ಕಳಿಸಿಯೋ, ಏನಾದರೊಂದು ಉತ್ತರ ಬರುತ್ತದೆ. ಒಳ್ಳೆಯ ಡಾಕ್ಟರಿಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ, ಫಿಲಂ ಎತ್ತಿ ಬೆಳಕಿಗೆ ಹಿಡಿದು ತೋರಿಸುತ್ತಾರೆ. ಆಗ ಎರಡನೇ ಪ್ರಶ್ನೆ ಕೇಳು: "ಯಾವ ಜಾಗಕ್ಕೆ ಬಂದರೆ ನಿಲ್ಲಿಸ್ತೀರಿ ಸಾರ್?" ನನ್ನ ಕೇಳಿದರೆ ಇದು ಮೊದಲನೆಯದಕ್ಕಿಂತ ದೊಡ್ಡ ಪ್ರಶ್ನೆ.

ನಿಮ್ಮಪ್ಪನ ಗಡ್ಡೆ ಎಡಗಡೆ, ಮಾತಿನ ಜಾಗದ ಹತ್ತಿರ ಇದೆ. ಚಿತ್ರದಲ್ಲಿ ಉಳಿದ ಗಡ್ಡೆ ಕಂಡಿತು ಅಂದ ಮಾತ್ರಕ್ಕೆ ಅದನ್ನೆಲ್ಲ ತೆಗೆಯಲೇಬೇಕು ಅಂತಿಲ್ಲ. ಅದು ಮಾತಿನ ಜಾಗದಲ್ಲೇ ಕೂತಿದ್ದರೆ, ಕೈಕಾಲು ಆಡಿಸುವ ನರದ ದಾರಿಗೆ ಅಂಟಿಕೊಂಡಿದ್ದರೆ, ದೊಡ್ಡ ರಕ್ತನಾಳವನ್ನು ಅಪ್ಪಿಕೊಂಡಿದ್ದರೆ, ಅಲ್ಲಿ ಬಿಟ್ಟು ಬರುವುದೇ ಸರಿಯಾದ ಆಪರೇಷನ್. ಕಾಣುವ ಗಡ್ಡೆಯೆಲ್ಲ ಹೋಗಿ ಬಲಗೈ ಬಿದ್ದರೆ, ಮಾತು ನಿಂತರೆ, ಮುಂದಿನ ರೇಡಿಯೇಷನ್ನಿಗೆ ಎದ್ದು ಹೋಗುವ ಶಕ್ತಿಯೂ ಉಳಿಯದಿದ್ದರೆ ಗೆದ್ದಿದ್ದೇನು? ಮನೆಗೆ ಬಂದವರು "ಇನ್ನೂ ಗಡ್ಡೆ ಉಳಿಸಿಬಿಟ್ಟವ್ರೆ, ಡಾಕ್ಟ್ರು ಸರಿ ಮಾಡಿಲ್ಲ" ಅಂತ ಮಾತಾಡುತ್ತಾರೆ. ಆ ಮಾತನ್ನು ನಿಮ್ಮಪ್ಪನ ಕಿವಿಗೆ ಬೀಳಿಸಬೇಡ. ಗೊತ್ತಿದ್ದೂ ಬಿಟ್ಟಿದ್ದು ಬೇರೆ, ಕಾಣದೆ ಉಳಿದಿದ್ದು ಬೇರೆ. ಯಾವುದು ಅಂತ ಡಾಕ್ಟರನ್ನೇ ಕೇಳಿ ತಿಳಿದುಕೋ.

ಮಾತಿನ ಜಾಗದ ಹತ್ತಿರದ ಗಡ್ಡೆಯನ್ನು ಕೆಲವು ಸಲ ರೋಗಿಯನ್ನು ಎಚ್ಚರವಾಗಿಟ್ಟೇ ತೆಗೆಯುತ್ತಾರೆ. ಗಾಬರಿ ಬೇಡ, ಮಿದುಳಿಗೆ ತನ್ನದೇ ನೋವು ತಿಳಿಯುವುದಿಲ್ಲ, ಚರ್ಮ ಮತ್ತು ಹೊದಿಕೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟಿರುತ್ತಾರೆ. ರೋಗಿಗೆ ಚಿತ್ರ ತೋರಿಸಿ ಹೆಸರು ಹೇಳಿಸುತ್ತ, ಎಣಿಸಲು ಹೇಳುತ್ತ, ಡಾಕ್ಟರು ಸಣ್ಣ ಕರೆಂಟಿನ ಕಡ್ಡಿ ಮುಟ್ಟಿಸಿ ನೋಡುತ್ತಾರೆ. ಮಾತು ತಡವರಿಸಿದರೆ ಆ ಜಾಗ ಬಿಡುತ್ತಾರೆ. ಉಳಿದ ಗಡ್ಡೆ ಎಲ್ಲಿದೆ ಅಂತ ಮಿಷನ್ನು ಹೇಳಬಲ್ಲದು, ಅದನ್ನು ಮುಟ್ಟಬಹುದೋ ಬಾರದೋ ಅಂತ ರೋಗಿಯ ಬಾಯಿಯೇ ಹೇಳಬೇಕು. ಇಲ್ಲಿ ನಮ್ಮ ಕಡೆಯವರು ಒಂದು ವಿಷಯ ಮರೆಯಬಾರದು. ನಿಮ್ಮಪ್ಪ ಮನೆಯಲ್ಲಿ ಕನ್ನಡ, ಮಾರ್ಟಳ್ಳಿ ಸಂತೆಯಲ್ಲಿ ಸಲೀಸಾಗಿ ತಮಿಳು ಮಾತಾಡುವವನು. ಹನೂರು ತಾಲ್ಲೂಕಿನಲ್ಲಿ ಹಾಗೆ ಎರಡು ಭಾಷೆಯಲ್ಲಿ ಬದುಕುವವರು ಬಹಳ. ಬಿಳಿಗಿರಿರಂಗನ ಬೆಟ್ಟದ, ಮಹದೇಶ್ವರ ಬೆಟ್ಟದ ಪೋಡಿನ ಸೋಲಿಗರಿಗೆ ಅವರದೇ ಮಾತಿದೆ. ಎರಡು ಭಾಷೆ ಮಿದುಳಿನಲ್ಲಿ ಒಂದೇ ಜಾಗದಲ್ಲಿ ಕೂತಿರಬೇಕು ಅಂತಿಲ್ಲ. ಪರೀಕ್ಷೆ ಅವನ ಆಡುಮಾತಿನಲ್ಲೇ ನಡೆಯಬೇಕು. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೇಳಿದರೆ ತಡವರಿಸಿದ್ದು ಕರೆಂಟಿಗೋ ಭಾಷೆಗೋ ಅಂತ ಗೊತ್ತಾಗುವುದು ಹೇಗೆ? ಅಡ್ಮಿಟ್ ಆಗುವಾಗಲೇ ಹೇಳಿಬಿಡು, ಇವರು ಕನ್ನಡ ಮತ್ತು ತಮಿಳು ಮಾತಾಡ್ತಾರೆ, ಓದುಬರಹ ಇಷ್ಟು, ಯಾವ ಕೈಯಲ್ಲಿ ಊಟ ಮಾಡ್ತಾರೆ, ಅಂತ.

ನಿಮ್ಮಪ್ಪನಿಗೆ ಮೊದಲ ಸಲ ಪಿಟ್ಸ್ ಬಂದಾಗ ಮನೆಯವರು ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಿದ್ದು ನನಗೆ ಗೊತ್ತು. ಬೈಯಲು ಹೇಳುತ್ತಿಲ್ಲ. ಆದರೆ ಪಿಟ್ಸ್, ಅಂದರೆ ಮೂರ್ಛೆ, ನಮ್ಮ ತಾಲ್ಲೂಕುಗಳಿಗೆ ಹೊಸ ವಿಷಯವೇನಲ್ಲ. 1990ರ ದಶಕದಲ್ಲಿ ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಜೊತೆಯವರು ನಮ್ಮ ಯಳಂದೂರಿನಲ್ಲೇ ಸುಮಾರು 65,000 ಜನರ ನಡುವೆ ಮೂರ್ಛೆರೋಗದ ಅಧ್ಯಯನ ನಡೆಸಿದರು. ಸಾವಿರಕ್ಕೆ ನಾಲ್ಕೈದು ಜನರಿಗೆ ಮೂರ್ಛೆ ಇತ್ತು. ಫಿನೋಬಾರ್ಬಿಟೋನ್, ಫಿನೈಟಾಯಿನ್ ಅನ್ನುವ ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯಲ್ಲಿ ಮೂರ್ಛೆಯನ್ನು ಹತೋಟಿಗೆ ತರಬಹುದು ಅಂತ ತೋರಿಸಿದ ಅವರ ಲೇಖನ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಪ್ರಪಂಚದ ನರವೈದ್ಯರು ಇವತ್ತಿಗೂ ಅದನ್ನು ಯಳಂದೂರು ಸ್ಟಡಿ ಅಂತಲೇ ಕರೆಯುತ್ತಾರೆ. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಮೂರ್ಛೆ ನಮ್ಮ ಸೀಮೆಯಲ್ಲಿ ಹೆಚ್ಚು ಅನ್ನುವುದೂ ವೈದ್ಯರಿಗೆ ಗೊತ್ತಿರುವ ಸಂಗತಿ. ಮೂರ್ಛೆ ಬಂದವರಿಗೆಲ್ಲ ಗಡ್ಡೆ ಇರುವುದಿಲ್ಲ, ಹೆಚ್ಚಿನವರಿಗೆ ಇರುವುದಿಲ್ಲ. ಆದರೆ ದೊಡ್ಡವರಾದ ಮೇಲೆ ಮೊದಲ ಸಲ ಪಿಟ್ಸ್ ಬಂದರೆ, ಬೆಳಗ್ಗೆ ಎದ್ದಾಗ ತಲೆನೋವಿನ ಜೊತೆ ವಾಂತಿಯಾಗುತ್ತಿದ್ದರೆ, ಒಂದು ಕಡೆ ಕೈಕಾಲು ಸೋಲುತ್ತಿದ್ದರೆ, ಮಾತು ತೊದಲುತ್ತಿದ್ದರೆ, ಮನುಷ್ಯನ ಗುಣವೇ ಬದಲಾದರೆ ತಲೆಯ ಸ್ಕ್ಯಾನ್ ಆಗಲೇಬೇಕು. ಗಡ್ಡೆ ಸಣ್ಣದಿದ್ದಾಗ ಸಿಕ್ಕಿದರೆ ಉಳಿಕೆಯ ಪ್ರಶ್ನೆಯೂ ಸಣ್ಣದಾಗುತ್ತದೆ.

ಈಗ ದುಡ್ಡಿನ ಮಾತು. ನಿಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ, ನಮ್ಮ ಕೊಳ್ಳೇಗಾಲದ ಉಪವಿಭಾಗ ಆಸ್ಪತ್ರೆಯಲ್ಲಿ ವಿಚಾರಿಸು. ಹೋದ ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅನ್ನುವ ಸಿಬ್ಬಂದಿಯನ್ನು ಮೊದಲು ಹುಡುಕು. ಬೆಂಗಳೂರಿನ ನಿಮ್ಹಾನ್ಸ್ ನಮ್ಮವರಿಗೆ ದೊಡ್ಡ ಆಸರೆ. 1974ರಲ್ಲಿ ಈ ಹೆಸರಿನಲ್ಲಿ ಶುರುವಾದ ಸಂಸ್ಥೆ, ಕೇಂದ್ರ ಸರ್ಕಾರದ್ದು, ಬಡವರಿಗೆ ರಿಯಾಯಿತಿ ಇದೆ, ಮಿದುಳಿನ ಗಡ್ಡೆಯ ಆಪರೇಷನ್ ಅಲ್ಲಿ ದಿನನಿತ್ಯದ ಕೆಲಸ. ಜನ ಜಾಸ್ತಿ, ಕಾಯಬೇಕಾಗುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೋ. ತಿಂಗಳಿಗೆ ಒಂದೋ ಎರಡೋ ಇಂಥ ಆಪರೇಷನ್ ಮಾಡುವ ಕಡೆ ಅತಿ ಹೊಸ ಮಿಷನ್ನಿದ್ದರೂ, ವಾರವಿಡೀ ಮಾಡುವ ಕೈಯೇ ನನಗೆ ಇಷ್ಟ. ಹೊಲ ಮಾರಿದರೆ ಆಪರೇಷನ್ ಆದ ಮೇಲಿನ ತಿಂಗಳುಗಳಿಗೆ ಏನು ಮಾಡುತ್ತೀಯ? ಗಡ್ಡೆ ಜೋರಿನದಾಗಿದ್ದರೆ ಸುಮಾರು ಆರು ವಾರ, 30 ಸಲ ರೇಡಿಯೇಷನ್ನು, ಅದರ ಜೊತೆ ಮಾತ್ರೆ ಇರುತ್ತದೆ. ಕಣ್ಣಿಗೂ ಎಂಆರ್‌ಐಗೂ ಕಾಣದೆ ಉಳಿದ ಜೀವಕೋಶಗಳಿಗೆ ಅದೇ ಚಿಕಿತ್ಸೆ. ಅದನ್ನು ಮೈಸೂರಿನಲ್ಲೂ ಕೊಡಿಸಬಹುದು, ಆದರೆ ಓಡಾಟಕ್ಕೆ, ಇರುವುದಕ್ಕೆ, ಊಟಕ್ಕೆ ದುಡ್ಡು ಬೇಕು. ನೀನು ಕೂಲಿ ಬಿಟ್ಟು ಜೊತೆಗಿರಬೇಕು. ಹೊಲ ಆಗ ಬೇಕಾಗುತ್ತದೆ.

ನಿಮ್ಮಪ್ಪ ಮಹದೇಶ್ವರ ಬೆಟ್ಟದ ಮಾದಪ್ಪನಿಗೆ ಮುಡಿ ಬಿಟ್ಟಿದ್ದಾನೆ, ಆಸ್ಪತ್ರೆಯಲ್ಲಿ ಕೂದಲು ತೆಗೆದರೆ ಹರಕೆ ಕೆಡುತ್ತದಾ ಅಂತ ನಿಮ್ಮವ್ವ ಕೇಳಿದಳಂತೆ. ಗಾಯದ ಜಾಗದಲ್ಲಿ ಮಾತ್ರ ಕೂದಲು ತೆಗೆಯಲು ಆಗುತ್ತದಾ ಅಂತ ಮೊದಲೇ ಕೇಳಬಹುದು, ಬಹಳ ಕಡೆ ಹಾಗೆಯೇ ಮಾಡುತ್ತಾರೆ. ಆಗದಿದ್ದರೂ ಚಿಂತೆ ಬೇಡ. ಗುಣವಾಗಿ ಬೆಟ್ಟ ಹತ್ತಿ ಬಂದ ಭಕ್ತನನ್ನು ಮಾದಪ್ಪ ಕೂದಲಿನ ಲೆಕ್ಕ ಕೇಳುವುದಿಲ್ಲ. ಅಮಾವಾಸ್ಯೆ, ಜಾತ್ರೆ ಅಂತ ಆಪರೇಷನ್ ದಿನ ಮಾತ್ರ ಮುಂದೂಡಬೇಡಿ.

ಅಲ್ಲಿಯ ತನಕ ಪಿಟ್ಸಿನ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಮಿದುಳಿನ ಊತ ಇಳಿಸಲು ಕೊಟ್ಟಿರುವ ಸ್ಟೀರಾಯ್ಡ್ ಮಾತ್ರೆಯಿಂದ ತಲೆನೋವು ಕಡಿಮೆಯಾಗಿ, ಹಸಿವು ಹೆಚ್ಚಿ, ಗುಣವಾದಂತೆ ಕಾಣುತ್ತದೆ. ಗುಣವಾಗಿದೆ ಅಂತ ನಾಟಿ ಔಷಧಿಗೆ ತಿರುಗಿಕೊಳ್ಳಬೇಡಿ, ಆ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಲೂ ಬೇಡಿ. ಅವನು ಬೈಕು ಓಡಿಸುವುದು, ಬಾವಿ ಕಟ್ಟೆ ಹತ್ತುವುದು ಬೇಡ.

ಕೊನೆಯದಾಗಿ, ಆಪರೇಷನ್ ನಡುವೆ ಎಂಆರ್‌ಐ ತೆಗೆಯಲಾಗದ ಆಸ್ಪತ್ರೆಯಲ್ಲಿ ನೀನು ಹಟ ಹಿಡಿದು ಕೇಳಬೇಕಾದದ್ದು ಒಂದಿದೆ: ಆಪರೇಷನ್ ಆದ 48ರಿಂದ 72 ಗಂಟೆಯೊಳಗೆ ಒಂದು ಎಂಆರ್‌ಐ. ಅಷ್ಟರೊಳಗೆ ತೆಗೆದರೆ ಉಳಿದ ಗಡ್ಡೆ ಯಾವುದು ಅಂತ ಸ್ಪಷ್ಟವಾಗಿ ತಿಳಿಯುತ್ತದೆ. ದಿನ ಕಳೆದಂತೆ ಗಾಯ ಮಾಯುವ ಗುರುತೂ ಗಡ್ಡೆಯ ಹಾಗೇ ಚಿತ್ರದಲ್ಲಿ ಬೆಳಗಿ ಗೊಂದಲ ಮಾಡುತ್ತದೆ. ರೇಡಿಯೇಷನ್ ಎಲ್ಲಿಗೆ ಕೊಡಬೇಕು, ಮುಂದೆ ಗಡ್ಡೆ ಬೆಳೆದಿದೆಯೋ ಇಲ್ಲವೋ ಅಂತ ತೀರ್ಮಾನಿಸಲು ಆ ಮೊದಲ ಚಿತ್ರವೇ ಅಳತೆಗೋಲು. ಅದರ ಸಿಡಿ, ಬಯಾಪ್ಸಿ ರಿಪೋರ್ಟು, ಡಿಸ್ಚಾರ್ಜ್ ಸಮ್ಮರಿ ಮೂರನ್ನೂ ಒಂದೇ ಕವರಿನಲ್ಲಿಟ್ಟು ಬೀರುವಿನಲ್ಲಿ ಭದ್ರ ಮಾಡು. ಸಮ್ಮರಿಯ ಕೊನೆಯಲ್ಲಿ ಮುಂದಿನ ಸ್ಕ್ಯಾನಿನ ತಾರೀಖು ಬರೆದಿರುತ್ತಾರೆ. ನಿಮ್ಮಪ್ಪ "ಚೆನ್ನಾಗಿದ್ದೀನಲ್ಲ, ಯಾಕೆ ಸುಮ್ನೆ" ಅಂದರೂ ಕೇಳಬೇಡ. ಆ ದಿನ ಕೊಳ್ಳೇಗಾಲ ಬಸ್‌ಸ್ಟ್ಯಾಂಡಿನಿಂದ ಬೆಳಗಿನ ಮೊದಲ ಬಸ್ಸು ಹತ್ತಿಸಿ ಕರೆದುಕೊಂಡು ಹೋಗು.